ಗಾಜಿನ ರೂಮಿನ ಮ್ಯಾನೇಜರೂ, ನಮ್ಮ ಭಾವನೂ

ಹೊಸ ಪಿಕಪ್ ಟ್ರಕ್ ತಗೊಳ್ಳೋಕೆ ಹೊರಟೋರು ಟ್ರಕ್ ಹುಡುಕೋಕೆ ಮುಂಚೆ, ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂರೋ ಒಬ್ಬ ಮನುಷ್ಯನ್ನ ಹುಡುಕ್ಕೋಬೇಕು. ಸೇಲ್ಸ್‌ಮನ್ ಏನೂ ನಮ್ಮ ಶತ್ರು ಅಲ್ಲ ಬಿಡಿ, ಅವನ ಕೆಲಸ ಅವನು ಮಾಡ್ತಾನೆ, ಅವನಿಗೂ ಟಾರ್ಗೆಟ್ ಅಂತ ಇರುತ್ತೆ, ತಿಂಗಳ ಕೊನೆ ಬಂದ್ರೆ ಎದೆ ಡವಡವ ಅನ್ನುತ್ತೆ, ಅದನ್ನೆಲ್ಲಾ ನಾವು ನಮ್ಮ ಅನುಕೂಲಕ್ಕೆ ಬಳಸ್ಕೋಬಹುದು. ಆದ್ರೆ ನಮ್ಮ ಜೊತೇಲೇ ಬಂದು, ನಮ್ಮ ಪಕ್ಕದ ಕುರ್ಚೀಲೇ ಕೂತು, ಸಂಬಳ ಇಲ್ದೆ ಆ ಶೋರೂಮಿಗೆ ಕೆಲಸ ಮಾಡ್ತಾರಲ್ಲ ನಮ್ಮೋರು, ಅವರ ಮುಂದೆ ಯಾವ ತಂತ್ರಾನೂ ನಡೆಯಲ್ಲ.

ನನ್ನ ತಯಾರಿ ಚೆನ್ನಾಗೇ ಇತ್ತು. ಬೇರೆ ಬೇರೆ ಡೀಲರ್‌ಗಳಿಗೆ ಮೇಲ್ ಹಾಕಿ, ಟ್ಯಾಕ್ಸು ರಿಜಿಸ್ಟ್ರೇಷನ್ನು ಎಲ್ಲಾ ಸೇರಿ ಗಾಡಿ ಕೈಗೆ ಬರೋ ಹೊತ್ತಿಗೆ ಒಟ್ಟು ಎಷ್ಟಾಗುತ್ತೆ ಅಂತ ಬರವಣಿಗೇಲಿ ತರಿಸ್ಕೊಂಡಿದ್ದೆ. ಇದೊಂದನ್ನ ಯಾರು ಬೇಕಾದ್ರೂ ಮಾಡಿ, ಮನೇಲಿ ಕೂತು ಮಾಡೋ ಕೆಲಸ, ಕೈಯಲ್ಲೊಂದು ಪ್ರಿಂಟ್ ಇದ್ರೆ ಎದುರಿಗಿರೋನ ದನೀನೇ ಬದಲಾಗುತ್ತೆ. ತಿಂಗಳ ಕೊನೇ ವಾರಾನೇ ನೋಡಿ ಹೊರಟಿದ್ದು, ಅದೂ ಹೊಸ ಮಾಡೆಲ್ ಬರೋಕೆ ಮುಂಚೆ, ಹಳೇ ಸ್ಟಾಕ್ ಖಾಲಿ ಮಾಡ್ಲೇಬೇಕಾದ ಟೈಮಲ್ಲಿ. ಭಾವನಿಗೂ ಪಾಠ ಹೇಳಿದ್ದೆ. ಗಾಡಿ ನೋಡಿ ಮುಖ ಅರಳಬಾರದು, ನಮ್ಮ ಬಜೆಟ್ ಎಷ್ಟು ಅಂತ ಬಾಯಿ ಬಿಡಬಾರದು, ಬಣ್ಣದ ವಿಷಯ ಎತ್ತಲೇಬಾರದು, ರೇಟೇ ಕುದುರದೆ ಬಣ್ಣದ ಮಾತು ಅಂದ್ರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಭಾವ ಎಲ್ಲದಕ್ಕೂ ಗಂಭೀರವಾಗಿ ತಲೆ ಆಡಿಸಿ, "ನೀನ್ ಸುಮ್ನಿರೋ, ನಾನು ಚೌಕಾಸಿ ಮಾಡಿದ್ರೆ ಅಂಗಡಿಯೋರು ಅಳ್ತಾರೆ" ಅಂದ್ರು.

ಶೋರೂಮ್ ಒಳಗೆ ಕಾಲಿಟ್ಟು ಇನ್ನೂ ಬಾಗಿಲು ಹಿಂದುಗಡೆ ಮುಚ್ಕೊಂಡಿರ್ಲಿಲ್ಲ, ಭಾವ ಎದುರಿಗಿದ್ದ ಕಪ್ಪು ಟ್ರಕ್ಕಿನ ಬಾನೆಟ್ ಮೇಲೆ ಎರಡೂ ಕೈ ಊರಿ "ಇದೇ! ಇದೇ ಕಣೋ! ಇದನ್ನ ಬಿಟ್ಟು ಹೋದ್ರೆ ನನ್ನ ಹೆಸರು ಬದಲಾಯ್ಸು!" ಅಂತ ಕೂಗಿದ್ರು. ದೂರದಲ್ಲಿ ಕೂತಿದ್ದ ಸೇಲ್ಸ್‌ಮನ್ ಎದ್ದು ಬಂದ. ಓಡಿ ಬರಲಿಲ್ಲ ನೋಡಿ, ನಿಧಾನಕ್ಕೆ ಬಂದ, ಇನ್ನು ಅವನಿಗೆ ಯಾವ ಅರ್ಜೆಂಟೂ ಇರ್ಲಿಲ್ಲ.

ಅಷ್ಟೊತ್ತಿಗೆ ಭಾವ ಹಿಂದಿನ ತೊಟ್ಟಿ ಹತ್ತಿ ನಿಂತು, "ಇಲ್ಲಿ ಎರಡು ಸೀಟ್ ಹಾಕಿಸ್ಕೊಡ್ತೀರಾ?" ಅಂತ ಕೇಳ್ತಿದ್ರು. ಸೇಲ್ಸ್‌ಮನ್‌ಗೆ ನಗು. ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಹಾಗೆ ನಿಜವಾಗ್ಲೂ ಒಂದು ಕಂಪನಿ ಮಾಡಿತ್ತು. ಅಮೆರಿಕದವರು 1964ರಿಂದ ಹೊರದೇಶದ ಸಣ್ಣ ಟ್ರಕ್‌ಗಳ ಮೇಲೆ 25 ಪರ್ಸೆಂಟ್ ಸುಂಕ ಹಾಕ್ತಾರೆ, ಯುರೋಪಿನವರು ಅಮೆರಿಕದ ಕೋಳಿ ಮೇಲೆ ಸುಂಕ ಏರಿಸಿದ್ದಕ್ಕೆ ಸೇಡು ಅದು, ಕೋಳಿ ಜಗಳಕ್ಕೆ ಟ್ರಕ್ಕು ಬಲಿ. ಸುಬಾರು ಕಂಪನಿಯೋರು ಏನ್ ಮಾಡಿದ್ರು ಗೊತ್ತಾ, 70ರ ದಶಕದ ಕೊನೇಲಿ ಬ್ರ್ಯಾಟ್ ಅನ್ನೋ ಪುಟ್ಟ ಪಿಕಪ್‌ನ ತೊಟ್ಟೀಲಿ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟ್ ಕೂರಿಸಿ, ಇದು ಟ್ರಕ್ಕೇ ಅಲ್ಲ ಸ್ವಾಮೀ, ಜನ ಕೂರೋ ಗಾಡಿ ಅಂತ ತೋರಿಸಿ ಆ ಸುಂಕದಿಂದ ನುಣುಚ್ಕೊಂಡ್ರು. ಅಂದ್ರೆ ಸರ್ಕಾರದ ಜೊತೇನೇ ಚೌಕಾಸಿ ಮಾಡಿರೋ ಜನ ಇವರು, ನಾವು ಪ್ರಿಂಟ್ ಹಿಡ್ಕೊಂಡು ಹೋದ್ರೆ ಹೆದರ್ತಾರಾ?

ಭಾವನ್ನ ತೊಟ್ಟಿಯಿಂದ ಇಳಿಸೋಕೆ ನಾನು ಪೇಲೋಡ್ ವಿಷಯ ತೆಗೆದೆ. ಜಾಹೀರಾತಲ್ಲಿ ಇಷ್ಟು ಭಾರ ಹೊರುತ್ತೆ ಅಂತ ದಪ್ಪ ಅಕ್ಷರದಲ್ಲಿ ಬರೆದಿರ್ತಾರಲ್ಲ, ಅದು ಯಾವುದೋ ಬರಿಮೈ ಮಾಡೆಲ್‌ದು, ನೀವು ತಗೊಳ್ಳೋ ಗಾಡಿಗೆ ಸನ್‌ರೂಫ್ ಗಿನ್‌ರೂಫ್ ಅಂತ ಸೇರಿಸ್ತಾ ಹೋದ ಹಾಗೆ ಆ ಲೆಕ್ಕ ಇಳೀತಾ ಹೋಗುತ್ತೆ, ಹಾಗಾಗಿ ನಿಜವಾದ ನಂಬರ್ ಬೇಕಂದ್ರೆ ಜಾಹೀರಾತು ಬಿಟ್ಟು ಅದೇ ಗಾಡಿ ಮೇಲೆ ಅಂಟಿಸಿರೋ ಪ್ಲೇಟೋ ಸ್ಟಿಕ್ಕರ್ರೋ ಹುಡುಕಿ ಓದ್ಬೇಕು. ಆ ಭಾರದಲ್ಲಿ ಒಳಗೆ ಕೂತಿರೋ ಜನಾನೂ ಸೇರ್ತಾರೆ ಅಂತ ಸೇಲ್ಸ್‌ಮನ್ ವಿವರಿಸಿ ಭಾವನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿದ. ಭಾವ ಇಳಿದ್ರು.

ಆಮೇಲೆ ಟೇಬಲ್ಲು, ಕುರ್ಚಿ, ಕಾಫಿ. ನಾನು ಪ್ರಿಂಟ್ ಮುಂದಿಟ್ಟು ಒಟ್ಟು ರೇಟ್ ಹೇಳಿ ಅಂದೆ. ಅವನು "ತಿಂಗಳಿಗೆ ಎಷ್ಟು ಕಟ್ಟಿದ್ರೆ ನಿಮಗೆ ಆರಾಮ್ ಸರ್?" ಅಂದ. ನಾನು ಒಟ್ಟು ಅಂದೆ, ಅವನು ತಿಂಗಳಿಗೆ ಅಂದ. ಇಬ್ರೂ ಬೇರೆ ಬೇರೆ ದೇಶದವರ ಥರ ಬಹಳ ಹೊತ್ತು ಮಾತಾಡಿದ್ವಿ. ಇದೇ ಅವರ ಬ್ರಹ್ಮಾಸ್ತ್ರ. ಕಂತಿನ ಮಾತಿಗೆ ಬಿದ್ರೋ ಮುಗೀತು, ವರ್ಷ ಹೆಚ್ಚು ಮಾಡಿ ಕಂತು ಇಳಿಸ್ತಾರೆ, ಕಂತು ಇಳೀತಲ್ಲ ಅಂತ ನಾವು ಹಿಗ್ತೀವಿ, ಬಡ್ಡಿ ಸೇರಿ ಒಟ್ಟು ಮೊತ್ತ ಏರಿರೋದು ನಮ್ಮ ಕಣ್ಣಿಗೇ ಬೀಳಲ್ಲ. ಹಳೇ ಗಾಡಿ ಎಕ್ಸ್‌ಚೇಂಜನ್ನೂ ಇದಕ್ಕೇ ಸೇರಿಸ್ಬಿಟ್ರಂತೂ ಕೇಳ್ಲೇಬೇಡಿ, ಈ ಕಡೆ ಕೊಟ್ಟಿದ್ದನ್ನ ಆ ಕಡೆ ಕಿತ್ಕೋತಾರೆ. ಹೊಸದರ ರೇಟು ಬೇರೆ, ಹಳೇದರ ರೇಟು ಬೇರೆ, ಸಾಲ ಬೇರೆ, ಒಂದು ಮುಗಿಯೋವರೆಗೂ ಇನ್ನೊಂದು ಮುಟ್ಟಲ್ಲ ಅಂತ ನಾನು ಗಟ್ಟಿಯಾಗಿ ಕೂತಿದ್ದೆ. ಭಾವ ಮಧ್ಯ ಬಾಯಿ ಹಾಕಿ, "ತಿಂಗಳಿಗೆ ಏನ್ ಮಹಾ ಕಟ್ಬಿಡ್ತಾನೆ ಬಿಡಿ, ಮೊನ್ನೆ ತಾನೇ ಸಂಬಳ ಜಾಸ್ತಿ ಆಯ್ತಲ್ಲ ಇವನಿಗೆ" ಅಂದ್ರು. ಸೇಲ್ಸ್‌ಮನ್ ಪೆನ್ನು ತಗೊಂಡು ಏನೋ ಬರ್ಕೊಂಡ.

"ಮ್ಯಾನೇಜರ್‌ನ ಕೇಳ್ಬಿಟ್ಟು ಬರ್ತೀನಿ ಸರ್" ಅಂತ ಎದ್ದ. ಗಾಜಿನ ರೂಮಲ್ಲಿ ಒಬ್ರು ಕೂತಿದ್ರು, ಇವನು ಒಳಗೆ ಹೋಗಿ ಕೈ ಬೀಸಿ ಮಾತಾಡ್ತಾನೆ, ಅವರು ಅಡ್ಡಡ್ಡ ತಲೆ ಆಡಿಸ್ತಾರೆ, ಇವನು ಹಣೆ ಒರೆಸ್ಕೊಂಡು ವಾಪಸ್ ಬಂದು "ಬಹಳ ಕಷ್ಟ ಸರ್, ನಿಮಗೋಸ್ಕರ ಜಗಳ ಆಡಿ ಬಂದೆ" ಅಂತಾನೆ. ಒಳಗೆ ಅವರಿಬ್ರೂ ಊಟಕ್ಕೆ ಎಲ್ಲಿಗೆ ಹೋಗೋದು ಅಂತ ಮಾತಾಡಿರ್ಬಹುದು, ಗಾಜಿನಾಚೆ ಕೇಳಿಸುತ್ತಾ? ಮತ್ತೆ ಹೋದ, ಮತ್ತೆ ಬಂದ. ಪ್ರತಿ ಸಲಾನೂ ಇಳಿದಿದ್ದು ಕಾಫಿ ಲೋಟದ ಮಟ್ಟ ಒಂದೇ.

ಭಾವನಿಗೆ ತಾಳ್ಮೆ ಕೆಟ್ಟಿತು. ಇತಿಹಾಸಕ್ಕೇ ಕೈ ಹಾಕಿದ್ರು. "ರೀ, ನಮ್ಗೇನ್ ಗೊತ್ತಿಲ್ಲ ಅನ್ಕೊಂಡ್ರಾ? 1925ರಲ್ಲಿ ಫೋರ್ಡ್ ಕಂಪನಿಯೋರು ಫ್ಯಾಕ್ಟರೀಲೇ ತೊಟ್ಟಿ ಕೂರಿಸಿದ ಟಿ ಮಾಡೆಲ್ ಪಿಕಪ್ ಕೊಡ್ತಿದ್ದಿದ್ದು ಬರೀ 281 ಡಾಲರ್‌ಗೆ!" ಇದು ಸತ್ಯಾನೇ, ದಾರೀಲಿ ನಾನೇ ಹೇಳಿದ್ದು. ಸೇಲ್ಸ್‌ಮನ್ ಮುಖದಲ್ಲಿ ಒಂದು ಗೆರೆ ಕೂಡ ಅಲುಗಾಡಲಿಲ್ಲ. "ಹೌದು ಸರ್, ಆ ಸ್ಟಾಕ್ ಖಾಲಿ ಆಗಿದೆ" ಅಂದ.

ಆಗ ನಾನು ಕೊನೇ ಅಸ್ತ್ರ ತೆಗೆದೆ. ಎದ್ದು ಹೊರಟುಬಿಡೋದು. ಚೌಕಾಸೀಲಿ ಇದಕ್ಕಿಂತ ದೊಡ್ಡದು ಇಲ್ಲ, ಬಾಗಿಲ ತನಕ ಹೋಗೋದ್ರೊಳಗೆ ಹಿಂದೆಯಿಂದ "ಸರ್ ಸರ್" ಅಂತ ಕೇಳಿಸ್ಬೇಕು, ಕೇಳಿಸಿದ್ರೂ ತಕ್ಷಣ ತಿರುಗಬಾರದು. ಎದ್ದೆ, ಪ್ರಿಂಟ್ ಮಡಚಿ ಜೇಬಿಗಿಟ್ಟೆ, "ಆಯ್ತು ಬಿಡಿ, ಇನ್ನೊಂದ್ಕಡೆ ನೋಡ್ತೀವಿ" ಅಂದೆ, ಭಾವನೂ ಕುರ್ಚಿ ಜೋರಾಗಿ ಹಿಂದೆ ತಳ್ಳಿ ಎದ್ರು, ಆ ಸದ್ದಂತೂ ಅದ್ಭುತವಾಗಿತ್ತು. ಬಾಗಿಲು ದಾಟಿದ್ವಿ. "ಸರ್ ಸರ್" ಬರ್ಲಿಲ್ಲ. ಪಾರ್ಕಿಂಗ್‌ಗೆ ಬಂದ್ವಿ. ಆಗಲೂ ಬರ್ಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು, ನಮ್ಮ ಹಳೇ ಗಾಡಿ ನಿಲ್ಲಿಸಿದ್ದ ಜಾಗ ಖಾಲಿ ಇತ್ತು. ನಾನು ಕಾಫಿ ತರೋಕೆ ಹೋಗಿದ್ದಾಗ "ಸುಮ್ನೆ ವ್ಯಾಲ್ಯೂಯೇಷನ್ ಮಾಡಿ ಕೊಡ್ತೀವಿ" ಅಂದ್ರಂತೆ, ಭಾವ ಕೀ ತೆಗೆದು ಕೊಟ್ಬಿಟ್ಟಿದ್ರಂತೆ, ಅದನ್ನ ಓಡಿಸಿ ನೋಡೋಕೆ ಹೋದೋನು ಇನ್ನೂ ಬಂದೇ ಇಲ್ಲ. ಕೀ ಅವರ ಹತ್ರ ಇದ್ರೆ ಗಿರಾಕಿ ಎಲ್ಲಿಗೂ ಹೋಗಲ್ಲ ಅನ್ನೋದು ಈ ಧಂದೆಯ ಹಳೇ ವಿದ್ಯೆ. ಸ್ವಲ್ಪ ಹೊತ್ತಾದ ಮೇಲೆ ಸೇಲ್ಸ್‌ಮನ್ ಗಾಜಿನ ಬಾಗಿಲು ತೆಗೆದು, ಕುಡಿಯೋಕೆ ನೀರು ಬೇಕಾ ಸರ್ ಅಂತ ತುಂಬಾ ಪ್ರೀತಿಯಿಂದ ಕೇಳಿದ.

ಒಳಗೆ ಹೋಗೋಕೆ ಮರ್ಯಾದೆ ಅಡ್ಡ, ಹೊರಗೆ ಬಿಸಿಲು. ಸೇಲ್ಸ್‌ಮನ್ ನಮಗೆ ಕೊಡ್ತೀನಿ ಅಂದಿದ್ದ ಟ್ರಕ್ ಅಂಗಳದ ಆ ತುದೀಲಿ ನಿಂತಿತ್ತು, ಒಳಗಿದ್ದದ್ದು ಬರೀ ಡಿಸ್ಪ್ಲೇ. ಅದರ ನೆರಳಲ್ಲಿ ಹೋಗಿ ಕೂತ್ವಿ. ಕೂತೋರಿಗೆ ಟೈರ್ ಬಿಟ್ಟು ಬೇರೇನೂ ಕಾಣ್ತಿರ್ಲಿಲ್ಲ, ಭಾವ ಹೊತ್ತು ಹೋಗದೆ ಟೈರ್ ಮೇಲಿದ್ದ ಅಕ್ಷರ ಎಲ್ಲಾ ಜೋರಾಗಿ ಓದೋಕೆ ಶುರು ಮಾಡಿದ್ರು. ಕೊನೇಲಿ ನಾಲ್ಕು ಅಂಕಿ ಓದಿದಾಗ ನನ್ನ ಕಿವಿ ನೆಟ್ಟಗಾಯ್ತು. ಆ ನಾಲ್ಕು ಅಂಕೀಲಿ ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ವರ್ಷ ಹಳೇದು! ಎದ್ದು ಮುಂದಿನ ಗ್ಲಾಸ್ ಮೂಲೇಲಿದ್ದ 17 ಅಕ್ಷರದ ಚಾಸಿ ನಂಬರ್ ನೋಡಿದೆ, ಅದರ 10ನೇ ಅಕ್ಷರದಲ್ಲಿ ಎಷ್ಟೋ ಕಂಪನಿಗಳು ಮಾಡೆಲ್ ವರ್ಷ ಬರೆದಿರ್ತಾರೆ, ಇದರಲ್ಲೂ ಇತ್ತು, ಟೈರು ಹೇಳಿದ್ದನ್ನೇ ಅದೂ ಹೇಳ್ತು. ಅಂದ್ರೆ ಈ ಟ್ರಕ್ಕು ಅಲ್ಲೇ ನಿಂತು ಬಹಳ ಕಾಲ ಆಗಿದೆ. ಡೀಲರ್‌ಗಳು ಸಾಮಾನ್ಯವಾಗಿ ಸಾಲ ತಗೊಂಡೇ ಗಾಡಿ ತಂದು ನಿಲ್ಲಿಸ್ಕೊಂಡಿರ್ತಾರೆ, ಅದು ನಿಂತಷ್ಟು ದಿನಾನೂ ಅವರಿಗೆ ಬಡ್ಡಿ ಓಡ್ತಿರುತ್ತೆ.

ಭಾವ ಜೀವನದಲ್ಲಿ ಮೊದಲ್ನೇ ಸಲ ನನಗೆ ಉಪಯೋಗಕ್ಕೆ ಬಂದಿದ್ರು, ಅವರಿಗೇ ಗೊತ್ತಿಲ್ದೆ.

ಮುಂದಿಂದು ಬೇಗ ಮುಗೀತು. ನಾನು ಒಳಗೆ ಹೋಗಿ ಕೂರದೇನೇ ಆ ನಾಲ್ಕು ಅಂಕಿ ಹೇಳಿದೆ. ಸೇಲ್ಸ್‌ಮನ್ ಗಾಜಿನ ರೂಮಿಗೆ ಹೋದ, ಈ ಸಲ ಕೈ ಬೀಸಲಿಲ್ಲ. ಮ್ಯಾನೇಜರ್ರೇ ಎದ್ದು ಬಂದು ಕೈ ಕುಲುಕಿ, ನನ್ನ ಪ್ರಿಂಟಲ್ಲಿದ್ದ ಅತಿ ಕಡಿಮೆ ರೇಟಿಗಿಂತಲೂ ಕೆಳಗಿನ ಒಂದು ನಂಬರ್ ಬರೆದು ಸಹಿ ಹಾಕಿದ್ರು. ಹಳೇ ಗಾಡಿ ವಾಪಸ್ ಬಂತು, ಪೆಟ್ರೋಲ್ ಮುಳ್ಳು ಸ್ವಲ್ಪ ಕೆಳಗಿತ್ತು, ನಾನು ಮಾತಾಡಲಿಲ್ಲ.

ಇಲ್ಲಿಗೆ ಮನೆಗೆ ಹೋಗಿದ್ರೆ ನಾನು ಗೆದ್ದ ಹಾಗೇ. ಆದ್ರೆ ಪೇಪರ್‌ಗೆ ಸಹಿ ಹಾಕೋಕೆ ಅಂತ ಇನ್ನೊಂದು ರೂಮಿಗೆ ಕಳಿಸ್ತಾರಲ್ಲ, ಅಲ್ಲಿ ಕೂತಿರೋರು ನಿಜವಾದ ಕಲಾವಿದರು. ಹೊರಗೆ ಬಿಟ್ಟದ್ದನ್ನ ಒಳಗೆ ಹೆಕ್ಕೋದೇ ಅವರ ಕೆಲಸ. ಎಕ್ಸ್‌ಟೆಂಡೆಡ್ ವಾರಂಟಿ, ಪೇಂಟ್ ಪ್ರೊಟೆಕ್ಷನ್, ತುಕ್ಕು ಹಿಡಿಯದಿರೋ ಕೋಟಿಂಗ್, ಸೀಟ್ ಮೇಲೆ ಏನೋ ಸ್ಪ್ರೇ. ಟೈರಿಗೆ ನೈಟ್ರೋಜನ್ ಹಾಕಿಸ್ಕೊಳ್ಳಿ ಅಂದ್ರು. ನಾವು ಉಸಿರಾಡೋ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಕಣ್ರೀ, ಉಳಿದಿದ್ದಕ್ಕೆ ಇಷ್ಟು ದುಡ್ಡಾ ಅಂದೆ. ಅವರು ನಕ್ಕು ಮುಂದಿನ ಸಾಲಿಗೆ ಹೋದ್ರು, ನಾನು ಬೇಡ ಬೇಡ ಅಂತ ಗೀಟು ಎಳೀತಾ ಬಂದೆ, ತೊಟ್ಟಿಗೆ ಒಳಗಡೆ ಹೊಡೆಸೋ ಬೆಡ್‌ಲೈನರ್ ಒಂದು ಇರ್ಲಿ ಅಂದೆ, ಸಾಮಾನು ತುಂಬೋ ಗಾಡಿಗೆ ಅದು ಕೆಲಸಕ್ಕೆ ಬರುತ್ತೆ. ಅಷ್ಟರಲ್ಲಿ ಫೋನ್ ಬಂತು ಅಂತ ಆಚೆ ಹೋಗಿದ್ದು, ಬರೀ ಫೋನ್ ಬಂತು ಅಂತ. ವಾಪಸ್ ಬರೋ ಹೊತ್ತಿಗೆ ಭಾವ ಎರಡೂ ಪಕ್ಕಕ್ಕೆ ಕ್ರೋಮ್ ಫುಟ್‌ಬೋರ್ಡು, ಮುಂದಕ್ಕೊಂದು ಗಾರ್ಡು, ರಾತ್ರಿ ನೀಲಿ ಬೆಳಕು ಬರೋ ಲೈಟು ಎಲ್ಲಾ ಓಕೆ ಮಾಡಿ, "ಅಷ್ಟು ಉಳಿಸಿದ್ಯಲ್ಲೋ, ಇಷ್ಟು ಖರ್ಚು ಮಾಡಿದ್ರೆ ಏನು" ಅಂದ್ರು. ಗಾರ್ಡ್ ಕ್ಯಾನ್ಸಲ್ ಮಾಡಿಸೋಕೆ ನಾನು ಪಟ್ಟ ಪಾಡು ಟ್ರಕ್ಕಿನ ಚೌಕಾಸೀಲೂ ಪಟ್ಟಿರ್ಲಿಲ್ಲ. ನೀಲಿ ಲೈಟ್ ಮಾತ್ರ ಈಗಲೂ ಇದೆ.

ಗಾಡಿ ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ಶುರುವಾಯ್ತು. ನೋಡೋಕೆ ಬಂದೋರೆಲ್ಲಾ ಮೊದಲು ರೇಟ್ ಕೇಳ್ತಾರೆ, ಕೇಳಿ ಒಂದು ಕ್ಷಣ ಅಯ್ಯೋ ಪಾಪ ಅನ್ನೋ ಥರ ಮುಖ ಮಾಡ್ತಾರೆ, "ಮೊದ್ಲೇ ಹೇಳಿದ್ರೆ ನಾನು ಬರ್ತಿದ್ದೆ, ಇನ್ನೂ ಕಡಿಮೆಗೆ ಕೊಡಿಸ್ತಿದ್ದೆ" ಅಂತಾರೆ, ಅದಾದ ಮೇಲೆ ತೊಟ್ಟಿ ಉದ್ದ ಎಷ್ಟಿದೆ ಅಂತ ಹೆಜ್ಜೆ ಹಾಕಿ ಅಳೆದು, ಮಂಚ ಹಿಡಿಸುತ್ತಾ ಅಂತ ಕೇಳ್ತಾರೆ. ಪಿಕಪ್ ಇರೋನಿಗೆ ಭಾನುವಾರ ಅನ್ನೋದು ಇರಲ್ಲ. ಬೀರು, ಫ್ರಿಜ್ಜು, ಯಾರದೋ ಗಿಡದ ಕುಂಡಗಳು, ಒಂದ್ಸಲ ಜೀವಂತ ಮೇಕೆ, ಎಲ್ಲಾ ಸಾಗಿಸಾಯ್ತು.

ಹೋದ ವಾರ ಒಂದು ಫೋನ್. ಗುರುತಿರೋ ದನಿ, ಅದೇ ಸೇಲ್ಸ್‌ಮನ್. ಗಾಡಿ ಹೇಗಿದೆ ಸರ್, ಸರ್ವೀಸ್ ಆಯ್ತಾ ಸರ್, ಮನೇಲಿ ಎಲ್ಲಾ ಚೆನ್ನಾಗಿದಾರಾ ಅಂತೆಲ್ಲಾ ವಿಚಾರಿಸಿ, ಕೊನೇಲಿ ದನಿ ಇಳಿಸಿ, ಮನೆ ಶಿಫ್ಟ್ ಮಾಡ್ತಿದೀನಿ ಸರ್, ಶೋರೂಮಿನ ಗಾಡಿ ಸ್ವಂತಕ್ಕೆ ಕೊಡಲ್ಲ ಅಂತಿದಾರೆ, ಭಾನುವಾರ ಒಂದು ಅರ್ಧ ದಿನ ನಿಮ್ಮ ಟ್ರಕ್ಕು ಸಿಗುತ್ತಾ ಅಂದ.

"ಒಂದ್ನಿಮಿಷ ಲೈನಲ್ಲಿರಿ, ಮ್ಯಾನೇಜರ್‌ನ ಕೇಳ್ಬಿಟ್ಟು ಬರ್ತೀನಿ" ಅಂತ ಹೇಳಿ ಫೋನ್ ಮೇಜಿನ ಮೇಲಿಟ್ಟು ಕಾಫಿ ಮಾಡ್ಕೊಳ್ಳೋಕೆ ಅಡುಗೆಮನೆಗೆ ಹೋದೆ. ನಿಧಾನಕ್ಕೆ ಮಾಡಿದೆ. ಹಾಲಲ್ಲಿ ಕೂತಿದ್ದ ಭಾವ ಫೋನ್ ಎತ್ಕೊಂಡು, "ಅಯ್ಯೋ ಅದಕ್ಕೇನ್ರೀ, ಬೆಳಿಗ್ಗೇನೇ ಕಳಿಸ್ತೀವಿ, ಇವನೂ ಬರ್ತಾನೆ ಸಾಮಾನು ಎತ್ತೋಕೆ, ಡೀಸೆಲ್ ಗೀಸೆಲ್ ಏನೂ ಹಾಕಿಸ್ಬೇಡಿ" ಅಂತಿದ್ರು.