ನಾಲ್ಕು ಗಂಟೆ ಟೀ: ಫ್ಲಾಸ್ಕು, ಮಂಡಕ್ಕಿ ಮತ್ತು ವಂತಿಗೆ ಲೆಕ್ಕ

ಆಫೀಸಿನ ಟೀ ಬಾಯಿಗಿಡೋಕಾಗಲ್ಲ ಅಂತ ಗೊಣಗುವವರ ಮೊದಲ ಸಲಹೆ ಯಾವಾಗಲೂ ಒಂದೇ: ಪುಡಿ ಬದಲಿಸಿ. ಪುಡಿ ಬದಲಾಗುತ್ತದೆ, ಗೊಣಗಾಟ ಹಾಗೇ ಉಳಿಯುತ್ತದೆ. ಹತ್ತಿಪ್ಪತ್ತು ಜನ ಕೂಡಿ ಕುಡಿಯುವ ಟೀ ಕೆಡುವುದು ಪುಡಿಯಿಂದಲ್ಲ, ಏರ್ಪಾಟಿನಿಂದ. ಎಷ್ಟು ಜನಕ್ಕೆ ಎಷ್ಟು ನೀರು, ಇಳಿಸಿ ಎಷ್ಟು ಹೊತ್ತಾಯಿತು, ಫ್ಲಾಸ್ಕು ಉಜ್ಜಿ ಎಷ್ಟು ದಿನವಾಯಿತು, ಜೊತೆಗೆ ಬಾಯಾಡಿಸಲು ಏನು ಬಂತು, ದುಡ್ಡು ಯಾರದು, ದುಡಿಮೆ ಯಾರದು? ಇಷ್ಟು ಸರಿಯಿದ್ದರೆ ಸಾಧಾರಣ ಡಸ್ಟ್ ಟೀಯೂ ಚೆನ್ನಾಗೇ ಬರುತ್ತದೆ.

ಇಪ್ಪತ್ತು ಜನರ ಲೆಕ್ಕ ಹಿಡಿಯೋಣ. ತಲೆಗೆ 75 ಮಿಲಿ ಅಂದರೆ ಒಂದೂವರೆ ಲೀಟರ್. ಆವಿಯಾಗಿ ಹೋಗುವುದು, ಚರಟ ಕುಡಿಯುವುದು ಸೇರಿಸಿ 950 ಮಿಲಿ ನೀರು, 750 ಮಿಲಿ ಹಾಲು ಇಡಿ. ಡಸ್ಟ್ ಟೀ 30ರಿಂದ 35 ಗ್ರಾಂ, ಸಕ್ಕರೆ 100 ಗ್ರಾಂ, ಶುಂಠಿ 25 ಗ್ರಾಂ. ಪುಡಿಯನ್ನು ಒಂದು ಸಲ ತೂಕ ಹಾಕಿ, ಅಷ್ಟೇ ಹಿಡಿಯುವ ಯಾವುದಾದರೂ ಹಳೇ ಡಬ್ಬಿಯ ಮುಚ್ಚಳವನ್ನು ಅಳತೆಗೆ ಇಟ್ಟುಕೊಂಡುಬಿಡಿ. ಆಮೇಲೆ ಯಾರು ಮಾಡಿದರೂ ಟೀ ಒಂದೇ ಥರ ಬರುತ್ತದೆ.

ಜಜ್ಜಿದ ಶುಂಠಿ ಮೊದಲು ನೀರಿಗೆ ಬೀಳಬೇಕು, ಹಾಲಿಗಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ನೀರಲ್ಲಿ ಮೂರ್ನಾಲ್ಕು ನಿಮಿಷ ಕುದಿಸಿದರೆ ಅದರ ಆಟ ಮುಗಿಯುತ್ತದೆ, ಬೆಚ್ಚಗಿನ ಹಾಲಿಗೆ ನೇರವಾಗಿ ಹಾಕಿದರೆ ಹಾಲು ಒಡೆಯುತ್ತದೆ. ಹೀಗೆ ಒಡೆದಾಗಲೆಲ್ಲ ಪಾಪ, ಹಾಲಿನವನಿಗೆ ಬೈಗುಳ. ಶುಂಠಿ ನೀರು ಕುದ್ದ ಮೇಲೆ ಪುಡಿ ಹಾಕಿ ಎರಡೇ ನಿಮಿಷ, ಆಮೇಲೆ ಬೇರೆ ಪಾತ್ರೆಯಲ್ಲಿ ಕಾದ ಹಾಲು, ಒಂದು ಉಕ್ಕು ಬಂದರೆ ಇಳಿಸಿ, ಒಂದು ನಿಮಿಷ ಮುಚ್ಚಿಟ್ಟು ಸೋಸಿ. ನಾವು ಬಳಸುವ ಪುಡಿ ಬಹುಪಾಲು ಸಿಟಿಸಿ, ಅಂದರೆ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ, ಎಲೆಯನ್ನು ಜಜ್ಜಿ ಹರಿದು ಸುರುಳಿ ಮಾಡುವ ವಿಧಾನದ್ದು. ಅದರಲ್ಲೂ ಡಸ್ಟ್ ಅಂದರೆ ತೀರಾ ಸಣ್ಣ ಕಾಳು, ಬಣ್ಣ-ಕಡಕ್ಕು ಎರಡೂ ಬೇಗ ಬಿಡುತ್ತದೆ. ಹತ್ತು ನಿಮಿಷ ಕುದಿಸಿದರೆ ಸ್ಟ್ರಾಂಗ್ ಆಗುವುದಿಲ್ಲ, ಒಗರಾಗುತ್ತದೆ. ಆ ಒಗರು ಮುಚ್ಚಲು ಇನ್ನೊಂದಿಷ್ಟು ಸಕ್ಕರೆ ಬೀಳುತ್ತದೆ. ಹಾಲು ನಂದಿನಿ ಟೋನ್ಡ್ ಸಾಕು, ಶೇ. 3ರ ಜಿಡ್ಡು. ಜಿಡ್ಡು ಹೆಚ್ಚಿದ್ದರೆ ಆಗಲೇ ಕುಡಿಯಲು ರುಚಿ, ಫ್ಲಾಸ್ಕಿನಲ್ಲಿ ಮಾತ್ರ ಬರೀ ಕೆನೆ.

ಇನ್ನು ಫ್ಲಾಸ್ಕು. ನನ್ನ ಪ್ರಕಾರ ಆಫೀಸು ಟೀಯ ಮುಕ್ಕಾಲು ಪಾಲು ದೋಷ ಇದರದ್ದೇ. ಒಳಗೆ ನೋಡಿದರೆ ಫಳಫಳ ಅನ್ನುತ್ತಿರುತ್ತದೆ, ಮುಚ್ಚಳ ಮೂಸಿದರೆ ಹುಳಿ ಹಾಲಿನ ವಾಸನೆ. ಚಮಚದ ಹಿಡಿಯಿಂದ ಮುಚ್ಚಳದ ರಬ್ಬರ್ ರಿಂಗ್ ಎಬ್ಬಿಸಿ ನೋಡಿ: ಅದರ ಹಿಂದೆ ಕಂದು ಬಣ್ಣದ ಲೋಳೆ, ಉಗುರಿನಲ್ಲಿ ಕೆರೆದರೆ ಪದರು ಪದರಾಗಿ ಬರುತ್ತದೆ. ಇವತ್ತಿನ ಟೀ ಅದರ ಮೇಲೆಯೇ ಹರಿದು ಲೋಟಕ್ಕೆ ಬರುವುದು. ದಿನಾ ರಿಂಗ್ ಬಿಚ್ಚಿ ಸೋಪು ನೀರಲ್ಲಿ ತೊಳೆಯಬೇಕು. ವಾರಕ್ಕೊಮ್ಮೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಮುಚ್ಚಳ ಬಿಗಿ ಮಾಡದೆ ಅರ್ಧ ಗಂಟೆ ಬಿಟ್ಟು ಬ್ರಷ್ಷಿನಿಂದ ಉಜ್ಜಬೇಕು. ರಾತ್ರಿ ಮುಚ್ಚಳ ತೆಗೆದೇ ಬೋರಲು ಹಾಕಿ. ಮುಚ್ಚಿಟ್ಟರೆ ತೊಳೆದ ಫ್ಲಾಸ್ಕೂ ನಾರುತ್ತದೆ. ತಲೆ ಒತ್ತಿದರೆ ಸುರಿಯುವ ಪಂಪ್ ಫ್ಲಾಸ್ಕು ಹಾಲಿನ ಟೀಗೆ ಬೇಡವೇ ಬೇಡ. ಅದರ ಉದ್ದನೆಯ ನಳಿಕೆಯೊಳಗೆ ಯಾರ ಬ್ರಷ್ಷೂ ಹೋಗುವುದಿಲ್ಲ. ಬಿಸಿನೀರಿಗೆ ಇಟ್ಟುಕೊಳ್ಳಿ.

ಟೀ ತುಂಬುವ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಬೇಕು, ಇಲ್ಲದಿದ್ದರೆ ತಣ್ಣನೆಯ ಫ್ಲಾಸ್ಕು ಮೊದಲ ಏಟಿಗೇ ಬಿಸಿ ಕುಡಿದುಬಿಡುತ್ತದೆ. ಎರಡು ಲೀಟರಿನ ಒಂದಕ್ಕಿಂತ, ಒಂದು ಲೀಟರಿನದ್ದೊಂದು ಅರ್ಧ ಲೀಟರಿನದ್ದೊಂದು ವಾಸಿ. ಕಂಠಮಟ್ಟ ತುಂಬಿದ್ದು ಬೇಗ ಆರುವುದಿಲ್ಲ. ಚಿಕ್ಕದು ಸಕ್ಕರೆ ಇಲ್ಲದ್ದಕ್ಕೆ, ಕುತ್ತಿಗೆಗೊಂದು ಕೆಂಪು ರಬ್ಬರ್ ಬ್ಯಾಂಡ್. ಸೋಸಿದ ಮೇಲೆ ಸಕ್ಕರೆ ಹಾಕುವ ಅಭ್ಯಾಸವಿದ್ದರೆ ಇದು ಕಷ್ಟವೇ ಅಲ್ಲ, ಸಕ್ಕರೆ ಕಾಯಿಲೆಯವರು ದಿನಾ ಬೇಡಿಕೊಳ್ಳುವುದೂ ತಪ್ಪುತ್ತದೆ. ಒಂದು ಗಂಟೆಯೊಳಗೆ ಖಾಲಿಯಾಗಬೇಕು. ಬೆಳಗ್ಗೆ ಹನ್ನೊಂದರ ಟೀಯನ್ನು ನಾಲ್ಕಕ್ಕೆ ಮತ್ತೆ ಕುದಿಸಿ ಕೊಡುವುದು ಉಳಿತಾಯವಲ್ಲ, ಬರೀ ಕಹಿ.

ಜೊತೆಗೆ ತಿನ್ನಲು ಏನು ಅನ್ನುವುದರಲ್ಲಿ ನನ್ನ ಓಟು ಮಂಡಕ್ಕಿಗೆ. ಹುಬ್ಬಳ್ಳಿ-ಧಾರವಾಡದ ಕಡೆ ಗಿರ್ಮಿಟ್, ಮಂಗಳೂರು ಕಡೆ ಚರುಮುರಿ, ಬೆಂಗಳೂರು-ಮೈಸೂರಲ್ಲಿ ಖಾರಾಪುರಿ, ದಾವಣಗೆರೆಯಲ್ಲಂತೂ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಬಜ್ಜಿ ಎಣಿಸಿ ತರಬೇಕು. ಇಪ್ಪತ್ತೊಂದನೆಯವರು ಬಂದರೆ ಮುಜುಗರ. ಮಂಡಕ್ಕಿಗೆ ಆ ಎಣಿಕೆಯಿಲ್ಲ, ಒಂದು ಹಿಡಿ ಯಾವಾಗಲೂ ಉಳಿದಿರುತ್ತದೆ.

ಇಪ್ಪತ್ತು ಜನಕ್ಕೆ ಮಂಡಕ್ಕಿ ಅರ್ಧ ಕೆಜಿ, ಹುರಿದ ಕಡಲೆಬೀಜ 150 ಗ್ರಾಂ, ಈರುಳ್ಳಿ 300 ಗ್ರಾಂ, ಟೊಮೆಟೊ 200 ಗ್ರಾಂ, ತುರಿದ ಕ್ಯಾರೆಟ್ 150 ಗ್ರಾಂ, ಎಣ್ಣೆ ನಾಲ್ಕು ದೊಡ್ಡ ಚಮಚ, ನಿಂಬೆಹಣ್ಣು ಎರಡು, ಖಾರದ ಪುಡಿ, ಉಪ್ಪು, ಕೊತ್ತಂಬರಿ ಸೊಪ್ಪು. ಕರಾವಳಿ ರುಚಿ ಬೇಕಿದ್ದರೆ ಕೊಬ್ಬರಿ ಎಣ್ಣೆ. ಮಂಡಕ್ಕಿ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಮೂರ್ನಾಲ್ಕು ನಿಮಿಷ ಕೈಯಾಡಿಸಿದರೆ ಗರಿಗರಿ ವಾಪಸ್ ಬರುತ್ತದೆ.

ಗುಟ್ಟಿರುವುದು ಹಾಕುವ ಸರದಿಯಲ್ಲಿ. ಎಣ್ಣೆ, ಖಾರದ ಪುಡಿ, ಉಪ್ಪು ಮೂರನ್ನೂ ಕಲಸಿ ಮೊದಲು ಮಂಡಕ್ಕಿಗೆ ಸವರಬೇಕು. ಎಣ್ಣೆ ಹತ್ತಿದ ಕಾಳು ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಕಡಲೆಬೀಜ. ಈರುಳ್ಳಿ ತಿನ್ನದವರ ಪಾಲನ್ನು ಈ ಹಂತದಲ್ಲೇ ಎತ್ತಿಟ್ಟುಬಿಡಿ. ಕೊನೆಗೆ ಆರಿಸಿಕೊಳ್ಳಿ ಅನ್ನುವುದು ಮರ್ಯಾದೆಯಲ್ಲ. ನಂತರ ಈರುಳ್ಳಿ, ಕ್ಯಾರೆಟ್, ಎಲ್ಲರೂ ಬಂದು ಕೂತ ಮೇಲೆ ಬೀಜ ತೆಗೆದ ಟೊಮೆಟೊ ಮತ್ತು ನಿಂಬೆರಸ. ಹೆಚ್ಚಿದ ಈರುಳ್ಳಿಗೆ ಮೊದಲೇ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟು ಇಡೀ ಬೋಗುಣಿ ಮುದ್ದೆ. ಕಲಸಿದ ಮೇಲೆ ಐದಾರು ನಿಮಿಷವಷ್ಟೇ ಅದರ ಆಯಸ್ಸು, ಆದ್ದರಿಂದ ಅರ್ಧರ್ಧ ಎರಡು ಸಲ ಕಲಸಿ. ಮೀಟಿಂಗಿನಿಂದ ತಡವಾಗಿ ಬಂದವರಿಗೂ ಗರಿಗರಿ ಸಿಗಲಿ. ಗಿರ್ಮಿಟ್ ಮಾಡುವುದಾದರೆ ಈರುಳ್ಳಿ, ಟೊಮೆಟೊ, ಹುಣಸೆಹುಳಿಯ ಗೊಜ್ಜನ್ನು ಮನೆಯಿಂದಲೇ ಮಾಡಿ ತನ್ನಿ. ಆಫೀಸಿನಲ್ಲಿ ಕಲಸಿ ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸುವುದಷ್ಟೇ ಕೆಲಸ. ಆ ಹಿಟ್ಟು ಅಲಂಕಾರಕ್ಕಲ್ಲ, ಗೊಜ್ಜಿನ ಪಸೆ ಹೀರಲಿಕ್ಕೆ.

ಡ್ರಾಯರಿನಲ್ಲಿರುವ ನಿಪ್ಪಟ್ಟು, ಕೋಡುಬಳೆ, ಕಾಂಗ್ರೆಸ್ ಕಡಲೆಬೀಜದ ಡಬ್ಬಿಗೆ ನಿಯಮ ಒಂದೇ: ಒಣ ಚಮಚ ಅಥವಾ ಬಗ್ಗಿಸಿ ಸುರಿದುಕೊಳ್ಳುವುದು. ಆಗಷ್ಟೇ ತೊಳೆದ ಕೈ ಒಂದು ಒಳಹೊಕ್ಕರೆ ಮಾರನೇ ದಿನಕ್ಕೆ ಎಲ್ಲವೂ ಮೆತ್ತಗೆ.

ಬಜ್ಜಿ ಬೇಡ ಅನ್ನುತ್ತಿಲ್ಲ, ಮಳೆಗಾಲದಲ್ಲಿ ಬೇಡ ಅಂದರೆ ಯಾರು ಕೇಳುತ್ತಾರೆ! ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ತರಬೇಡಿ, ಅದರ ಆವಿಯಲ್ಲಿ ಅದೇ ಬೆವರಿ ಮೆತ್ತಗಾಗುತ್ತದೆ. ನ್ಯೂಸ್‌ಪೇಪರೂ ಬೇಡ. ಬಿಸಿ ಎಣ್ಣೆಗೆ ಮುದ್ರಣದ ಮಸಿ ಬಿಡುತ್ತದೆ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲೇ ಎಚ್ಚರಿಸಿತ್ತು. ಮನೆಯಿಂದ ತೂತಿರುವ ಸ್ಟೀಲ್ ಜರಡಿ ಡಬ್ಬಿಯೋ ಬಾಳೆಲೆಯೋ ಒಯ್ಯಿರಿ. ಅಂಗಡಿಯ ಎಣ್ಣೆ ಕಪ್ಪಗಾಗಿ, ಬಜ್ಜಿ ಬಿಟ್ಟ ಕೂಡಲೇ ನೊರೆ ಉಕ್ಕಿ ಕೆಳಗಿಳಿಯದಿದ್ದರೆ ಹಾಗೇ ಮುಂದಿನ ಅಂಗಡಿಗೆ ನಡೆಯಿರಿ.

ಪೇಪರ್ ಕಪ್ಪು ಬರೀ ಪೇಪರ್ ಅಲ್ಲ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. 100 ಮಿಲಿ ಬಿಸಿ ದ್ರವ 15 ನಿಮಿಷ ಅದರಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆಂದು ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಹೇಳಿದ್ದರು. ಇಪ್ಪತ್ತೈದು ಸ್ಟೀಲ್ ಲೋಟ ಕೊಂಡರೆ ವರ್ಷಗಟ್ಟಲೆ ನಿಶ್ಚಿಂತೆ, ಕುಡಿದವರು ಅವರವರ ಲೋಟ ತೊಳೆದಿಡುವುದಾದರೆ.

ಇಲ್ಲೇ ಜಗಳ ಶುರುವಾಗುವುದು. ಹಾಲು ಲೀಟರಿಗೆ ರೂ. 50, ಪುಡಿ ಕೆಜಿಗೆ ರೂ. 500 ಅಂತಲೇ ಹಿಡಿದರೂ ಮೇಲಿನ ಅಳತೆಗೆ ಹಾಲು ರೂ. 38, ಪುಡಿ ರೂ. 18, ಸಕ್ಕರೆ ರೂ. 5, ಶುಂಠಿ-ಗ್ಯಾಸಿಗೆ ರೂ. 10. ಅಂದರೆ ಲೋಟಕ್ಕೆ ರೂ. 4 ಕೂಡ ಬೀಳುವುದಿಲ್ಲ. ಎಷ್ಟು ಅಗ್ಗ ಅಂತ ಹಿಗ್ಗುವ ಮೊದಲು ನೋಡಿ, ಈ ಲೆಕ್ಕದಲ್ಲಿ ಟೀ ಮಾಡಿದವರ ಕೂಲಿ ಇಲ್ಲ. ಬಹಳ ಕಡೆ ಅದು ಗ್ರೂಪ್ ಡಿ ನೌಕರರ ಅಥವಾ ಹೊರಗುತ್ತಿಗೆಯ ಹೆಣ್ಣುಮಗಳ ತಲೆಗೆ ಬಿಟ್ಟಿ ಕೆಲಸವಾಗಿ ಬಿದ್ದಿರುತ್ತದೆ. ಲೋಟಕ್ಕೆ ಇನ್ನೆರಡು ರೂಪಾಯಿ ಸೇರಿಸಿದರೆ ದಿನಕ್ಕೆ ರೂ. 40. ತಿಂಗಳಿಗೆ 22 ದಿನವೆಂದರೆ ರೂ. 880 ಆಯಿತು, ಅದು ಅವರ ಕೈಗೆ ಹೋಗಬೇಕು. ಅವರ ಟೀಗೆ ವಂತಿಗೆ ಕೇಳಬಾರದು. ಮತ್ತೆ, ಎಲ್ಲರಿಗೂ ಹಂಚಿ ಉಳಿದರೆ ಅವರಿಗೆ ಅನ್ನುವ ಪದ್ಧತಿ ಇದೆಯಲ್ಲ, ಅದು ನಿಲ್ಲಲಿ. ಮೊದಲ ಲೋಟ ಅವರೇ ತೆಗೆದುಕೊಳ್ಳಲಿ.

ಟೀಗೆ ಎದ್ದರೆ ಕೆಲಸ ಹಾಳು ಅನ್ನುವ ಸಾಹೇಬರಿಗೆ ಒಂದು ಮಾತು. ಗಣಿ, ಗಿರಣಿ, ಕಾರ್ಖಾನೆಗಳಲ್ಲಿ ಕಾರ್ಮಿಕರಿಗೆ ಟೀ ವಿರಾಮ ಕೊಡಿಸಲು 20ನೇ ಶತಮಾನದ ಆರಂಭದಲ್ಲಿ ಹಿಂದೆ ಬಿದ್ದದ್ದು ಟೀ ತೋಟದ ಮಾಲೀಕರ ಸಂಘವೇ. ಅವರಿಗೆ ಮಾಲು ಖರ್ಚಾಗಬೇಕಿತ್ತು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೂ ಐದು ಗಂಟೆಗಿಂತ ಹೆಚ್ಚು ಸತತ ದುಡಿಸದೆ ಅರ್ಧ ಗಂಟೆ ಬಿಡುವು ಕೊಡಿ ಅನ್ನುತ್ತಿತ್ತು, 250ಕ್ಕಿಂತ ಹೆಚ್ಚು ಜನರಿದ್ದ ಕಡೆ ಕ್ಯಾಂಟೀನನ್ನೂ ಕೇಳುತ್ತಿತ್ತು. ಹದಿನೈದು ನಿಮಿಷದ ಟೀಗೆ ಯಾರ ಫೈಲೂ ಕೊಳೆತಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಹೊರಗಿನ ಅಂಗಡಿಗೆ ಹೋಗಿಬಂದರೆ ಮುಕ್ಕಾಲು ಗಂಟೆ ಹೋಗುತ್ತದೆ. ಅದಕ್ಕೆ ಮಷಿನ್ ಇಡೋಣ ಅನ್ನುವವರಿದ್ದಾರೆ. ರಾತ್ರಿ ಪಾಳಿಗೆ ಸರಿ, ಆದರೆ ಮಷಿನ್ನಿಗೆ ಹಾಕುವ ಸಿದ್ಧ ಪುಡಿ, ಅಂದರೆ ಪ್ರಿಮಿಕ್ಸಿನಲ್ಲಿ, ಬಹುತೇಕ ಹಾಲಿನ ಪುಡಿ, ಸಕ್ಕರೆ ಮೊದಲೇ ಬೆರೆತಿರುತ್ತದೆ, ಕಡಿಮೆ ಮಾಡಿಸಿಕೊಳ್ಳುವ ದಾರಿಯಿಲ್ಲ.

ವಂತಿಗೆ ತಿಂಗಳ ಮೊದಲ ವಾರವೇ ವಸೂಲಾಗಲಿ, ದಿನಕ್ಕೊಬ್ಬರು ಕೊಡಿಸುವ ಸರದಿ ಬೇಡ. ಸರದಿಯಲ್ಲಿ ಹೆಚ್ಚು ಸಂಬಳದವರ ದಿನ ಸಮೋಸ, ಕಡಿಮೆ ಸಂಬಳದವರ ದಿನ ಬಿಸ್ಕತ್ತು ಬಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಡ್ತಿ, ಹುಟ್ಟುಹಬ್ಬದ ಸ್ವೀಟು-ಖಾರ ಬೇರೆ, ಅದು ಅವರವರ ಖುಷಿ. ಖರ್ಚಿನ ಚೀಟಿ ಫ್ಲಾಸ್ಕು ಇಡುವ ಟೇಬಲ್ಲಿನ ಗೋಡೆಗೇ ಅಂಟಿಸಿ. ಅದರಲ್ಲಿ ಹೊರಗಿನವರಿಗೆ ಹೋದ ಲೋಟಕ್ಕೆ ಬೇರೆ ಕಲಂ ಇರಲಿ. ಸಾಹೇಬರ ಚೇಂಬರಿಗೆ ಬಂದವರು ಕುಡಿದ ಟೀ ಸಿಬ್ಬಂದಿಯ ವಂತಿಗೆಯಿಂದ ಹೋಗಬಾರದು. ದಿನಕ್ಕೆ ಆರು ಲೋಟ ಅಂತಿಟ್ಟರೂ ತಿಂಗಳಿಗೆ 132 ಆಯಿತು, ಅದರ ಬಿಲ್ಲು ಸಾಹೇಬರ ಟೇಬಲ್ಲಿಗೇ ಹೋಗಲಿ.