ಮೊದಲ ವರ್ಷದ ಡಿಸೈನ್ ಕೋರ್ಸ್: ಅಂಕ ಯಾವುದಕ್ಕೆ ಕೊಡಬೇಕು?

ಮೊದಲ ವರ್ಷದ ಎಂಜಿನಿಯರಿಂಗ್ ಡಿಸೈನ್ ಕೋರ್ಸಿನಲ್ಲಿ ಮಾಡೆಲ್ ಓಡಿತೋ ಇಲ್ಲವೋ ಎಂಬುದಕ್ಕೆ ಹೆಚ್ಚು ಅಂಕ ಇಡಬಾರದು. ಅಂಗಡಿಯಿಂದ ಆರ್ಡುಯಿನೊ ಎಂಬ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡಿನ ಕಿಟ್ ತಂದು ಜೋಡಿಸಿದರೂ ಮಾಡೆಲ್ ಓಡುತ್ತದೆ.

ನಾನಿರುವ ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವುದು ಅಬೆಟ್ ಎಂಬ ಸಂಸ್ಥೆ, ನಮ್ಮ ಭಾರತದಲ್ಲಿ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ). ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ಎರಡೂ ಕಡೆಯ ಗುರಿಗಳು ಹೆಚ್ಚುಕಡಿಮೆ ಒಂದೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತನ್ನ 2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೇ ‘ಇನ್ನೊವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ತಂದದ್ದು ಒಳ್ಳೆಯ ಕೆಲಸ. ತೊಡಕಿರುವುದು ಕಲಿಕೆಯನ್ನು ಅಳೆಯುವಲ್ಲಿ. ಕೋರ್ಸಿನ ಗುರಿಗಳನ್ನು ಪದವಿಯ ಗುರಿಗಳಿಗೆ ಜೋಡಿಸುವ ಸಿಒ-ಪಿಒ ಮ್ಯಾಪಿಂಗಿನಲ್ಲಿ ನಂಟಿನ ಬಲಕ್ಕೆ 1, 2, 3 ತುಂಬಿ, ಇಂಟರ್ನಲ್ಸ್ ಅಂಕಗಳನ್ನು ಎಕ್ಸೆಲ್‌ಗೆ ಹಾಕಿದರೆ ಅಟೇನ್‌ಮೆಂಟ್, ಅಂದರೆ ಗುರಿ ಮುಟ್ಟಿದ ಮಟ್ಟ, 2.4 ಎಂದು ಬರುತ್ತದೆ. ಯಾರಿಗೆ ಯಾವುದು ಬರಲಿಲ್ಲ ಎಂಬುದು ಅದರಿಂದ ತಿಳಿಯದು.

ಅಮೆರಿಕದ ಒಳ್ಳೆಯ ಕೋರ್ಸುಗಳಲ್ಲಿ ರೂಬ್ರಿಕ್‌ನ (ಯಾವ ಮಟ್ಟದ ಕೆಲಸಕ್ಕೆ ಯಾವ ಹಂತ ಎಂದು ಹೇಳುವ ಪಟ್ಟಿಯ) ಒಂದೊಂದು ಸಾಲೂ ಒಂದೇ ಕೌಶಲ ನೋಡುತ್ತದೆ. ಊರುಗೋಲು ಡಿಸೈನ್ ಮಾಡುವ ತಂಡವನ್ನೇ ನೋಡಿ. ‘ಊರುಗೋಲು ಹಗುರವಾಗಿರಬೇಕು’ ಎಂದು ಬರೆದವರು ಮೊದಲ ಹಂತ. ‘800 ಗ್ರಾಂ ಮೀರಬಾರದು’ ಎಂದವರು ಎರಡನೆಯದು. ಆ 800 ಎಲ್ಲಿಂದ ಬಂತು, ಹೇಗೆ ಪರೀಕ್ಷಿಸುತ್ತೇವೆ ಎಂದೂ ಹೇಳಿದವರು ಮೂರನೆಯದು. ಬೆಲೆ, ಭಾರದಂಥ ಅಂಶಗಳಿಗೆ ಇಷ್ಟಿಷ್ಟು ತೂಕವೆಂದು ಕೊಟ್ಟು ಐಡಿಯಾಗಳನ್ನು ಹೋಲಿಸುವ ಆಯ್ಕೆಯ ಮ್ಯಾಟ್ರಿಕ್ಸ್‌ನಲ್ಲಿ ಇನ್ನೂ ದೊಡ್ಡ ಎಡವಟ್ಟಾಗುತ್ತದೆ. ಮೆಚ್ಚಿದ ಐಡಿಯಾವನ್ನು ಮೊದಲೇ ಆರಿಸಿಕೊಂಡು, ಅದೇ ಗೆಲ್ಲುವ ಹಾಗೆ ತೂಕಗಳನ್ನು ಆಮೇಲೆ ಕೂರಿಸುತ್ತಾರೆ. ಅದಕ್ಕೇ ತೂಕಗಳನ್ನು ಒಂದು ವಾರ ಮುಂಚೆಯೇ ಬರೆಸಿಕೊಳ್ಳಬೇಕು. ‘ಬೆಲೆಯ ತೂಕ 30ರಿಂದ 20ಕ್ಕೆ ಇಳಿಸಿ ಉಳಿದದ್ದಕ್ಕೆ ಹಂಚಿದರೆ ಯಾವುದು ಗೆಲ್ಲುತ್ತದೆ?’ ಎಂದು ವೈವಾದಲ್ಲಿ ಕೇಳಿದರೆ ಸಾಕು, ಕೆಲಸ ಮಾಡಿದವರು ಯಾರೆಂದು ಗೊತ್ತಾಗುತ್ತದೆ.

ವಿದ್ಯಾರ್ಥಿಗಳ ರಿಪೋರ್ಟುಗಳಿಗೆ ಅಂಕ ಕೊಡಲು ಕೂರುವ ಮೊದಲು ಎಲ್ಲ ಮೇಷ್ಟ್ರುಗಳೂ ಅವುಗಳಲ್ಲಿ ಒಂದೇ ಮೂರು ರಿಪೋರ್ಟುಗಳಿಗೆ ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಬೇಕು. ಒಂದು ಹಂತಕ್ಕಿಂತ ಹೆಚ್ಚು ಅಂತರ ಬಂದರೆ ತಿದ್ದಬೇಕಾದದ್ದು ರೂಬ್ರಿಕ್‌ನ ಭಾಷೆಯನ್ನು.

ತಂಡಕ್ಕೆಲ್ಲ ಒಂದೇ ಅಂಕ ಕೊಡುವುದು ದುಡಿದವರಿಗೆ ಮಾಡುವ ಅನ್ಯಾಯ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೆಳೆದ ಕ್ಯಾಟ್ಮಿ ಎಂಬ ಆನ್‌ಲೈನ್ ಸಾಧನದಲ್ಲಿ ತಂಡದವರು ಒಬ್ಬರನ್ನೊಬ್ಬರು ಐದು ಅಂಶಗಳ ಮೇಲೆ ಅಳೆಯುತ್ತಾರೆ. ಗೆಳೆಯರೆಲ್ಲ ಮಾತಾಡಿಕೊಂಡು ಸಮವಾಗಿ ಹಾಕಿಕೊಳ್ಳುವುದೂ ಉಂಟು. ಈ ಅಳತೆಯನ್ನು ಸೆಮಿಸ್ಟರ್ ನಡುವೆಯೇ ಒಮ್ಮೆ ಮಾಡಿಸಿದರೆ ಸರಿಪಡಿಸಲು ಸಮಯ ಸಿಗುತ್ತದೆ.

ಇಲ್ಲಿಯದೆಲ್ಲ ಅನುಕರಿಸಬೇಕಿಲ್ಲ. ‘ಡಿಸೈನ್ ಮಾಡಬಲ್ಲೆನೆಂಬ ವಿಶ್ವಾಸ ಬಂತೇ?’ ಎಂಬ ಸಮೀಕ್ಷೆಯನ್ನೇ ಕಲಿಕೆಯ ಸಾಕ್ಷಿ ಎಂದು ಒಪ್ಪಿಸುವ ಚಾಳಿ ಇಲ್ಲಿದೆ. ವಿಶ್ವಾಸ ಹೆಚ್ಚಿದ ಮಾತ್ರಕ್ಕೆ ಕೌಶಲ ಬಂದಂತಲ್ಲ.

60 ಮಂದಿಯ ನಮ್ಮ ಸೆಕ್ಷನ್‌ಗಳಲ್ಲಿ ಹೀಗೆ ಕಲಿಕೆಯನ್ನು ಅಳೆಯುವುದು ಆಗದ ಮಾತೇನಲ್ಲ. ತನ್ನ ತಂಡ ಒಂದು ಐಡಿಯಾವನ್ನು ಏಕೆ ಕೈಬಿಟ್ಟಿತು ಎಂದು ಪ್ರತಿಯೊಬ್ಬರೂ ಒಂದೊಂದು ಪುಟ ಬರೆಯಲಿ. ಪುಟಕ್ಕೆ ಐದು ನಿಮಿಷವೆಂದರೂ ಮೇಷ್ಟ್ರಿಗೆ ಐದು ಗಂಟೆ ಬೇಕು. ಕಾಲೇಜುಗಳು ಅದನ್ನು ವರ್ಕ್‌ಲೋಡಿಗೆ ಸೇರಿಸಿ, ಅಷ್ಟು ಹೊತ್ತಿನ ಎಕ್ಸೆಲ್ ಕೆಲಸವನ್ನು ಕಡಿಮೆ ಮಾಡಲಿ.