ಒಂದು ಎದ್ದರೆ ಇನ್ನೊಂದು ಮಲಗಬೇಕು

ಹೊಸ ಚಿಪ್ ಬಂದಾಗಲೆಲ್ಲ ಒಂದೇ ಸುದ್ದಿ: ಇದರಲ್ಲಿ ಇಷ್ಟು ನೂರು ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಸರಿ. ಆದರೆ ಅಷ್ಟೂ ಉಗುರಿನಗಲ ಜಾಗದಲ್ಲಿ ಕೂತಿರುವಾಗ ಚಿಪ್ ಸುಟ್ಟು ಹೋಗುವುದಿಲ್ಲ ಯಾಕೆ? ಲೆಕ್ಕ ಹಾಕಿ ನೋಡಿ. ಕೆಲವು ಟ್ರಾನ್ಸಿಸ್ಟರ್ ಸೇರಿ 0, 1ರ ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟ್‌ಗೆ ಗೇಟ್ ಅನ್ನುತ್ತಾರೆ. ಒಂದೊಂದು ಗೇಟ್ ಸುಮ್ನೆ ಕೂತಲ್ಲೇ ಒಂದು ಮೈಕ್ರೋವಾಟ್ ತಿಂದರೂ ನೂರು ಕೋಟಿ ಗೇಟ್‌ಗಳಿಗೆ 1000 ವಾಟ್ ಆಯಿತು. ಇಸ್ತ್ರಿ ಪೆಟ್ಟಿಗೆಯ ಶಾಖ ಅದು.

ಹಾಗಾಗದೆ ಇರುವುದು ಸೀಮಾಸ್‌ನಿಂದ (CMOS), ಅಂದರೆ ಎನ್, ಪಿ ಎಂಬ ಎರಡು ಬಗೆಯ ಟ್ರಾನ್ಸಿಸ್ಟರ್ ಜೋಡಿಸಿ ಗೇಟ್ ಮಾಡುವ ರೀತಿಯಿಂದ. ಅದನ್ನು ಕಲಿಸುವ ರೀತಿ ನೋಡಿದರೆ ನನಗೆ ಬೇಸರವಾಗುತ್ತದೆ. ಎರಡು ಟ್ರಾನ್ಸಿಸ್ಟರ್ ಬರೆದು, 0 ಕೊಟ್ಟರೆ 1, 1 ಕೊಟ್ಟರೆ 0 ಅಂತ ಟೇಬಲ್ ತುಂಬಿ ಮುಂದೆ ಹೋಗಿಬಿಡುತ್ತಾರೆ. ಆ ಟೇಬಲ್ ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್ ಇದ್ದರೂ ಬರುತ್ತದೆ. ಹಾಗಾದರೆ ಎರಡನೆಯ ಟ್ರಾನ್ಸಿಸ್ಟರ್ ಯಾಕೆ? ಪಾಠ ಶುರುವಾಗಬೇಕಾದ್ದೇ ಅಲ್ಲಿಂದ.

ಮೊದಲು ಎನ್ ಬಗೆಯ ಟ್ರಾನ್ಸಿಸ್ಟರ್ ಮಾತ್ರ ಬಳಸುವ ಹಳೆಯ ಎನ್‌ಮಾಸ್ ಗೇಟ್ ನೋಡೋಣ. ಮೇಲೆ ಸಪ್ಲೈ, ಕೆಳಗೆ ಗ್ರೌಂಡ್. ಮೇಲ್ಭಾಗದಲ್ಲಿ ರೆಸಿಸ್ಟರ್, ಇಲ್ಲವೇ ಯಾವಾಗಲೂ ಆನ್ ಇರುವ ಒಂದು ಟ್ರಾನ್ಸಿಸ್ಟರ್. ಕೆಳಭಾಗದಲ್ಲಿ ಎನ್ ಟ್ರಾನ್ಸಿಸ್ಟರ್, ಇನ್‌ಪುಟ್ ವೋಲ್ಟೇಜ್ ಹೆಚ್ಚಾದರೆ ಆನ್ ಆಗುವ ಸ್ವಿಚ್ ಅದು. ಎರಡರ ನಡುವೆ ಔಟ್‌ಪುಟ್. ಎನ್ ಆನ್ ಆದಾಗ ಔಟ್‌ಪುಟ್ 0 ಆಗುತ್ತದೆ. ಜೊತೆಗೇ ಸಪ್ಲೈಯಿಂದ ಗ್ರೌಂಡಿಗೆ ನೇರ ದಾರಿಯೂ ತೆರೆದುಕೊಳ್ಳುತ್ತದೆ. ಆ 0 ಇರುವಷ್ಟು ಹೊತ್ತೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಏನೂ ಕೆಲಸ ನಡೆಯುತ್ತಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ.

ಈಗ ಮೇಲಿನ ರೆಸಿಸ್ಟರ್ ತೆಗೆದು ಪಿ ಟ್ರಾನ್ಸಿಸ್ಟರ್ ಕೂರಿಸಿ. ಇದರ ಸ್ವಭಾವ ಎನ್‌ಗೆ ಪೂರ್ತಿ ಉಲ್ಟಾ. ಟ್ರಾನ್ಸಿಸ್ಟರ್‌ನ ಇನ್‌ಪುಟ್ ತುದಿಗೆ (ಅದಕ್ಕೂ ಗೇಟ್ ಅಂತಲೇ ಹೆಸರು) ಹೆಚ್ಚು ವೋಲ್ಟೇಜ್ ಬಂದರೆ ಎನ್ ಆನ್ ಆಗುತ್ತದೆ, ಪಿ ಆಫ್ ಆಗುತ್ತದೆ. ಕಡಿಮೆ ಬಂದರೆ ಪಿ ಆನ್, ಎನ್ ಆಫ್. ಇಬ್ಬರಿಗೂ ಒಂದೇ ಇನ್‌ಪುಟ್ ಕೊಡಿ. ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಔಟ್‌ಪುಟ್ ಸಪ್ಲೈಗೋ ಗ್ರೌಂಡಿಗೋ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದರೆ ಮೇಲಿಂದ ಕೆಳಗಿನವರೆಗೆ ತೆರೆದ ದಾರಿ ಮಾತ್ರ ಇರುವುದಿಲ್ಲ. ಆ ತುದಿಯ ಕೆಳಗೆ ಕರೆಂಟ್ ಬಿಡದ ಆಕ್ಸೈಡ್ ಪದರ ಇರುವುದರಿಂದ ಇನ್‌ಪುಟ್ ಕಡೆಯಿಂದಲೂ ಕರೆಂಟ್ ಒಳಗೆ ಹರಿಯುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗುವುದು ನ್ಯಾಂಡ್ ಗೇಟ್, ಅಂದರೆ ಎರಡೂ ಇನ್‌ಪುಟ್ 1 ಇದ್ದಾಗ ಮಾತ್ರ 0 ಕೊಡುವ ಗೇಟ್. ಕೆಳಗೆ ಎರಡು ಎನ್‌ಗಳು ಒಂದರ ಹಿಂದೆ ಒಂದು, ಮೇಲೆ ಎರಡು ಪಿಗಳು ಅಕ್ಕಪಕ್ಕ. ನಾಲ್ಕು ಬಗೆಯ ಇನ್‌ಪುಟ್ ಕೊಟ್ಟು ನೋಡಿ. ಪ್ರತಿ ಸಲವೂ ಮೇಲಿನ ಗುಂಪು, ಕೆಳಗಿನ ಗುಂಪು, ಎರಡರಲ್ಲಿ ಒಂದೇ ದಾರಿ ಬಿಡುತ್ತದೆ. ಕಾಗದದ ಮೇಲೆ ಒಮ್ಮೆ ಕೈಯಾರೆ ಬರೆದು ನೋಡಿ, ಖುಷಿಯಾಗುತ್ತದೆ.

ಫೇರ್‌ಚೈಲ್ಡ್ ಎಂಬ ಚಿಪ್ ಕಂಪನಿಯಲ್ಲಿದ್ದ ಫ್ರಾಂಕ್ ವಾನ್‌ಲಾಸ್ ಈ ಎನ್-ಪಿ ಜೋಡಿಯ ಉಪಾಯವನ್ನು 1963ರಲ್ಲಿ ಸಿ.ಟಿ. ಸಾ ಅವರ ಜೊತೆ ಮಂಡಿಸಿದರು. ಪೇಟೆಂಟ್ ಸಿಕ್ಕಿದ್ದು 1967ರಲ್ಲಿ. ಆದರೂ ತುಂಬಾ ಕಾಲ ಸೀಮಾಸ್ ಅಂದರೆ ನಿಧಾನ, ಗಡಿಯಾರಕ್ಕೆ ಲಾಯಕ್ಕು ಅನ್ನುವ ಮಾತಿತ್ತು. ಅದರಲ್ಲಿ ನಿಜವೂ ಇತ್ತು. ಎನ್‌ನಲ್ಲಿ ಕರೆಂಟ್ ಒಯ್ಯುವುದು ಎಲೆಕ್ಟ್ರಾನ್‌ಗಳು, ಪಿಯಲ್ಲಿ ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳ ಚುರುಕು ಹೋಲ್‌ಗಳಿಗಿಲ್ಲ. ಅದಕ್ಕೇ ಪಿ ಟ್ರಾನ್ಸಿಸ್ಟರ್‌ಅನ್ನು ಸುಮಾರು ಎರಡರಷ್ಟು ಅಗಲ ಮಾಡುತ್ತಿದ್ದರು. ಎನ್, ಪಿ ಎರಡನ್ನೂ ಒಂದೇ ಸಿಲಿಕಾನ್ ತುಂಡಿನಲ್ಲಿ ಮಾಡಲು ಹೆಚ್ಚಿನ ಹಂತಗಳೂ ಬೇಕು. 1978ರಲ್ಲಿ ಹಿಟಾಚಿಯವರು ಎನ್‌ಮಾಸ್‌ನಷ್ಟೇ ವೇಗದ ಸೀಮಾಸ್ ಮೆಮೊರಿ ಮಾಡಿ ತೋರಿಸಿದರು. ಅದೇ ವರ್ಷ ಬಂದ ಇಂಟೆಲ್ 8086 ಪ್ರೊಸೆಸರ್ ಇನ್ನೂ ಎನ್‌ಮಾಸ್ ಚಿಪ್. 1985ರ 80386 ಹೊತ್ತಿಗೆ ಇಂಟೆಲ್ ಕೂಡ ಸೀಮಾಸ್ ಕಡೆ ಬಂದಿತ್ತು.

ಸೀಮಾಸ್‌ಗೆ ಖರ್ಚೇ ಇಲ್ಲ ಅಂತ ಕೆಲವರು ಹೇಳುತ್ತಾರಲ್ಲ, ಅದು ತಪ್ಪು. 0 ಇದ್ದದ್ದು 1 ಆಗುವಾಗ ಮುಂದಿನ ಗೇಟ್‌ಗಳನ್ನು, ತಂತಿಗಳನ್ನು ಚಾರ್ಜ್ ಮಾಡಬೇಕು. ಮತ್ತೆ 0 ಆಗುವಾಗ ಅದನ್ನು ಗ್ರೌಂಡಿಗೆ ಚೆಲ್ಲಬೇಕು. ಈ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ವೋಲ್ಟೇಜ್ ಅರ್ಧ ಮಾಡಿದರೆ ಖರ್ಚು ಕಾಲುಭಾಗ. 5 ವೋಲ್ಟ್‌ನಲ್ಲಿದ್ದ ಚಿಪ್‌ಗಳು ಇವತ್ತು 1 ವೋಲ್ಟ್ ಆಸುಪಾಸಿಗೆ ಇಳಿದಿರುವುದು ಅದಕ್ಕೇ. ಟ್ರಾನ್ಸಿಸ್ಟರ್ ತೀರಾ ಚಿಕ್ಕದಾದಂತೆ, ಆಫ್ ಇದ್ದಾಗಲೂ ಕರೆಂಟ್ ಸೋರುತ್ತದೆ. ಆ ಸೋರಿಕೆಯ ಕಥೆಯೇ ಬೇರೆ ಉದ್ದವಿದೆ.

ಕಲಿಯುತ್ತಿದ್ದಾಗ ನಾನು ಒಂದು ಸೀಮಾಸ್ ನ್ಯಾಂಡ್ ಚಿಪ್ ಜೋಡಿಸಿದ್ದೆ. ಬೇಕಿಲ್ಲದ ಇನ್‌ಪುಟ್‌ಗಳನ್ನು ಹಾಗೇ ಬಿಟ್ಟಿದ್ದೆ. ಕೈ ಹತ್ತಿರ ತಂದರೆ ಸಾಕು, ಎಲ್‌ಇಡಿ ಮಿನುಗುತ್ತಿತ್ತು. ಚಿಪ್ ಹಾಳಾಗಿದೆ ಅಂದುಕೊಂಡೆ. ಹಾಗಾಗಿರಲಿಲ್ಲ. ಎಲ್ಲಿಗೂ ಕಟ್ಟದ ಇನ್‌ಪುಟ್‌ನ ವೋಲ್ಟೇಜ್ ನಡುವೆ ಎಲ್ಲೋ ತೇಲುತ್ತದೆ. ಆಗ ಎನ್, ಪಿ ಎರಡೂ ಅರೆಬರೆ ಎಚ್ಚರ. ಸೀಮಾಸ್ ಮುಚ್ಚಿಟ್ಟಿದ್ದ ಆ ನೇರ ದಾರಿಯನ್ನು ನಾನೇ ತೆರೆದುಬಿಟ್ಟಿದ್ದೆ. ಬಿಟ್ಟ ಇನ್‌ಪುಟ್‌ಗಳನ್ನೆಲ್ಲ ಸಪ್ಲೈಗೆ ಕಟ್ಟಿದೆ. ಮಿನುಗು ನಿಂತಿತು. ಎಲ್‌ಇಡಿ ಕಿತ್ತು ಸಪ್ಲೈ ದಾರಿಯಲ್ಲಿ ಮೀಟರ್ ಇಟ್ಟೆ. ಚಿಪ್ ಆನ್ ಇತ್ತು, ಉತ್ತರವನ್ನು ಸರಿಯಾಗಿ ಹಿಡಿದುಕೊಂಡಿತ್ತು, ಮೀಟರ್ ಸೊನ್ನೆ ತೋರಿಸುತ್ತಿತ್ತು.